ಬೆನ್ನ ಮೇಲಿನ ಹದ್ದು

ನಸ್ರೀನ್ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬ್ಲೌಸಿಗೆ ತೋಳು ಕೂಡಿಸುತ್ತಿದ್ದಳು. ಅರ್ಧ ಕೂಡಿತ್ತಷ್ಟೇ, ಬುಲೆಟ್ ಬೈಕಿನ ಸದ್ದು ಅಂಗಡಿ ಮುಂದೆ ಬಂದು ನಿಂತಿತು. ದಿನಾ ಬೆಳಿಗ್ಗೆ ಲಿಂಗಸುಗೂರಿನ ಕಡೆಯಿಂದ ಬಂದು, ಮಸ್ಕಿಯ ಈ ಅಂಗಡಿ ದಾಟಿ, ಸಿಂಧನೂರಿಗೆ ಹೋಗುವ ಸದ್ದು. ಇಲ್ಲಿ ಎಂದೂ ನಿಂತಿರಲಿಲ್ಲ.

ಅವನ ಮುಖ ಅವಳು ಕಂಡಿರಲಿಲ್ಲ. ಕಂಡದ್ದು ಹೆಲ್ಮೆಟ್ಟು, ಕರೀ ಚರ್ಮದ ಜಾಕೆಟ್ಟು, ಅದರ ಬೆನ್ನ ತುಂಬ ರೆಕ್ಕೆ ಬಿಚ್ಚಿದ ಕೆಂಪು ಹದ್ದು. ಅದು ತಿರುವಿನಲ್ಲಿ ಮರೆಯಾಗುವ ತನಕ ಅವಳ ಮಷೀನು ಸುಮ್ಮನಿರುತ್ತಿತ್ತು.

ಕಳೆದ ವಾರ ಆ ಹದ್ದಿನವನ, ಮುಕ್ತಿಯಾರನ, ಕಡೆಯವರು ಹೆಣ್ಣು ಕೇಳಲು ಬಂದಾಗ ಅವಳ ಚಿಕ್ಕಮ್ಮ, ಖಾಲಾ ಪೀರ್‌ಬೀ, ಒಂದೇ ಮಾತಿಗೆ ಮುರಿದಿದ್ದಳು: “ಬೆನ್ನಮ್ಯಾಲ ಹದ್ದು ಕುಂದರಿಸ್ಕೊಂಡು ತಿರಗಾಂವ ಸಂಸಾರ ಮಾಡ್ತಾನೇನು? ಅದನ್ನ ಕಿತ್ತೊಗೆದು ಮನಷ್ಯಾರಂಗ ಬರ್ಲಿ, ಆಮ್ಯಾಲ ನೋಡಮು.” ನಸ್ರೀನಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ, ಅವಳಿಗೇ ತಿಳಿಯದು. ಮುಖವನ್ನೇ ಕಾಣದವನ ಮೇಲೆ ಮನಸ್ಸೋ, ಬರೀ ಹದ್ದಿನ ಮೇಲೋ?

ಈಗ ಬಾಗಿಲಲ್ಲಿ ನಿಂತವನು ಜಾಕೆಟ್ಟನ್ನು ತೋಳ ಮೇಲೆ ಹಾಕಿಕೊಂಡಿದ್ದ. ಚೌಕಡಿ ಅಂಗಿ, ಎಣ್ಣೆ ಮೆತ್ತಿದ ಉಗುರು, ಹೆಲ್ಮೆಟ್ಟಿಗೆ ಚಪ್ಪಟೆಯಾದ ಕೂದಲು. ಈ ಸಣ್ಣ ಮನುಷ್ಯನೇ ಅವನು?

“ಈ ಹದ್ದು ಬಿಚ್ಚಬೇಕಾಗಿತ್ರಿ.”

ಅವಳು ಬಾಯಿಂದ ಪಿನ್ನು ತೆಗೆದಳು. “ಇದು ಲೇಡೀಸ್ ಟೇಲರ್ ರೀ. ಬೋರ್ಡ್ ನೋಡಿಲ್ಲೇನು?”

“ದಿನಾ ನೋಡ್ತೀನ್ರಿ.”

ಅವಳ ಕಿವಿ ಬಿಸಿಯಾಯಿತು. ಒಳಗಿನ ಕೋಣೆಯಲ್ಲಿ ಖಾಲಾ ಕೆಮ್ಮಿದಳು.

“ಹದ್ದು ಏನು ಮಾಡ್ತ್ರಿ ಪಾಪ?” ನಸ್ರೀನ್ ದನಿ ತಗ್ಗಿಸಿ ಕೇಳಿದಳು.

“ಹಾಕ್ಕೊಂಡ್ರ ರೌಡಿ ಅಂತಾರ್ರಿ, ಹೆಣ್ಣು ಕೊಡವಲ್ರು. ನಾ ರೈಸ್‌ಮಿಲ್ ಮೋಟರ್ ರಿಪೇರಿ ಮಾಡಾಂವ. ಗಾಡಿ ಮ್ಯಾಲಿಂದ ಬಿದ್ದು ಮೊಣಕೈ ಕಿತ್ತಿತ್ತು, ಅದಕ್ಕ ಚರ್ಮದ್ದು ತಗೊಂಡೆ. ಹದ್ದು ಅದರ ಜೋಡಿನ ಬಂತು.” ಹೆಲ್ಮೆಟ್ಟಿನ ಪಟ್ಟಿ ತಿರುವುತ್ತ ನಕ್ಕ. “ಖರೆ ಹೇಳ್ಲೇನ್ರಿ? ಹಾಕ್ಕೊಂಡ್ರ ಎದಿ ಸ್ವಲ್ಪ ದೊಡ್ಡದಾಗ್ತದ.”

ನಗು ಬಂತು. ಅದರ ಹಿಂದೆಯೇ ಏನೋ ಕಳೆದುಕೊಂಡಂತೆಯೂ ಆಯಿತು.

“ಬಿಚ್ಚಬೌದ್ರಿ. ಆದ್ರ ಚರ್ಮದಾಗ ಬಿದ್ದ ಸೂಜಿತೂತು ಮುಚ್ಚಂಗಿಲ್ಲ. ಹದ್ದಿನ ಗೆರಿ ಉಳಿತದ.”

“ಮಂದಿಗಿ ಕಾಣ್ತದೇನ್ರಿ?”

“ದೂರದವ್ರಿಗಿ ಇಲ್ಲ. ಹತ್ರ ಇದ್ದವ್ರಿಗಿ ಕಾಣ್ತದ.”

ಅವನು ಕತ್ತೆತ್ತಿ ಅವಳನ್ನು ನೋಡಿದ. ಅವಳು ಬ್ಲೌಸನ್ನು ನೋಡಿದಳು.

“ಶುಕ್ರವಾರ ಹಿರೇರ್ನ ಕರ್ಕೊಂಡು ಬರ್ತೀನ್ರಿ... ಜಾಕೆಟ್ ಒಯ್ಯಾಕ.”

“ಜಾಕೆಟ್ ಒಯ್ಯಾಕ ಹಿರೇರು ಯಾಕ್ರಿ?”

“ಭಾಳ ಭಾರ ಅದರಿ,” ಎಂದವನೇ ಜಾಕೆಟ್ಟನ್ನು ಅವಳ ಮುಂದಿಟ್ಟು, ಬುಲೆಟ್ ಏರಿ ಹೋಗಿಯೇಬಿಟ್ಟ.

ಖಾಲಾ ಹೊರಬಂದಳು. “ಯಾರೇ ನಸ್ರೀನ್ ಅಂವ?”

“ಗಿರಾಕಿ, ಖಾಲಾ.” ನಸ್ರೀನ್ ಜಾಕೆಟ್ಟಿನ ಬೆನ್ನನ್ನು ಕೆಳಮುಖ ಮಾಡಿದಳು.

“ಪಾಪ, ತಲಿ ತಗ್ಗಿಸಿ ಮಾತಾಡ್ತಾನ. ಇಂಥಾಂವ ಸಿಗಬೇಕು ನೋಡು. ಆ ಹದ್ದಿನಾಂವ ಅಲ್ಲ.”

ಖಾಲಾ ಒಳಗೆ ಹೋಗಲು ಕಾದು, ನಸ್ರೀನ್ ಜಾಕೆಟ್ಟನ್ನು ಮಡಿಲಲ್ಲಿ ಬೋರಲು ಹಾಕಿ ಒಂದೊಂದೇ ಹೊಲಿಗೆ ಬಿಚ್ಚಿದಳು. ಹದ್ದು ಕಳಚಿ ಬಂತು. ಅದು ಕೂತಿದ್ದ ಜಾಗ ಮಾತ್ರ ಬಿಸಿಲು ಕಾಣದೆ ಕಡುಗಪ್ಪಾಗಿ ಉಳಿದಿತ್ತು. ಕೈಯಲ್ಲಿ ಹಿಡಿದರೆ ಬರೀ ಕೆಂಪು ಬಟ್ಟೆ. ತಾನು ಇಷ್ಟು ದಿನ ಕಾದದ್ದು ತಿರುವಿನಲ್ಲಿ ಮರೆಯಾಗುತ್ತಿದ್ದ ಇದಕ್ಕೋ, ಪಟ್ಟಿ ತಿರುವುತ್ತ ನಕ್ಕವನಿಗೋ? ಬೇರೆ ಮಾಡಲು ನೋಡಿದಳು. ಬರಲಿಲ್ಲ.

ಆಮೇಲೆ ಎಡ ಎದೆಯ ಬಳಿ ಒಳಪದರದ ಅಸ್ತರು ಬಿಚ್ಚಿದಳು. ರೆಕ್ಕೆ ಮಡಿಸಿ ಹದ್ದನ್ನು ಒಳಗಿಟ್ಟು, ಹೊರಗೆ ಒಂದು ಹೊಲಿಗೆಯೂ ಕಾಣದಂತೆ ಮುಚ್ಚಿದಳು. ಅವನಿಗೂ ಗೊತ್ತಾಗಬಾರದು. ಶುಕ್ರವಾರ ತನ್ನನ್ನು ಯಾರೂ ಕೇಳದಿದ್ದರೂ, ಹಿರಿಯರ ಮುಂದೆ ತಾನೇ ಹೂಂ ಅನ್ನುವುದು ಎಂದುಕೊಂಡಳು.

ಜಾಕೆಟ್ ಮಡಿಸಿಟ್ಟು, ಪಿನ್ನನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡು, ಉಳಿದರ್ಧ ತೋಳು ಕೂಡಿಸಲು ಕೂತಳು.