ಮುತ್ಯಾಲಮ್ಮನ ನಾಲ್ಕನೇ ಬೆಳೆ

"ಸುಟ್ಟುಬಿಡಿ... ಎಲ್ಲಾನೂ!"

ಬಾಗಿಲಲ್ಲಿ ನಿಂತ ಅಪರಿಚಿತ ಹೀಗೆಂದಾಗ ಮುತ್ಯಾಲಮ್ಮನ ಕೈಯಲ್ಲಿ ರೇಷ್ಮೆಹುಳುವಿನ ತಟ್ಟೆಯಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

"ಯಾರ್ರೀ ನೀವು? ನನ್ನ ಮನೆಗೇ ಬಂದು ಸುಡು ಅನ್ನೋಕೆ!"

"ಶ್ರೀನಿವಾಸಪ್ಪ ಅಂತ. ಮುಳಬಾಗಿಲಲ್ಲಿ ನೀವು ಹುಳದ ಮೊಟ್ಟೆ ತಗೊಂಡ್ರಲ್ಲ, ಆ ಅಂಗಡೀಲಿ ಕೆಲಸ ಮಾಡ್ತೀನಿ." ಅವನು ತಟ್ಟೆಯತ್ತ ಬೆರಳು ತೋರಿಸಿದ. "ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ ಇದಾವಲ್ಲ, ಇದು ಗಂಟುರೋಗ. ಇವು ಇನ್ನು ಗೂಡು ಕಟ್ಟಲ್ಲ. ಇಟ್ಕೊಂಡ್ರೆ ಮುಂದಿನ ಬೆಳೆಗೂ ಹತ್ತುತ್ತೆ."

ಮೂರನೇ ಜ್ವರ, ಅಂದರೆ ಮೂರನೇ ಸಲ ಪೊರೆ ಬಿಡುವ ನಿದ್ದೆ, ದಾಟಿದ ಹುಳುಗಳು! ಮೂರು ವಾರ ಮಕ್ಕಳಂತೆ ನೋಡಿಕೊಂಡಿದ್ದಳು. ಮಕ್ಕಳಂತೆ... ಆ ಪದ ಮನಸ್ಸಿಗೆ ಬಂದದ್ದೇ ತಡ, ಅವಳು ತಟ್ಟೆ ಕೆಳಗಿಟ್ಟಳು.

ಅದು ಎಪ್ಪತ್ತೇಳರ ಮಾಘಮಾಸ. ಮುತ್ಯಾಲಮ್ಮನಿಗೆ ಇಪ್ಪತ್ಮೂರು ವರ್ಷ. ಹಿಂದಿನ ವರ್ಷ ಗಂಡನ ಮನೆಯಲ್ಲಿದ್ದಾಗ ಹುಟ್ಟಿದ ಅವಳ ಮಗು ಹನ್ನೊಂದು ದಿನ ಬದುಕಿತ್ತು. ಹನ್ನೆರಡನೇ ದಿನ ಅತ್ತೆ, "ಇವಳ ಕೈಗುಣ ಒಳ್ಳೇದಲ್ಲ" ಎಂದಳು. ಮೂರು ತಿಂಗಳಲ್ಲಿ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳು ಒಂದು ಟ್ರಂಕು ಹಿಡಿದು ಕುರುಡುಮಲೆಯ ಪಕ್ಕದ ತವರೂರಿಗೆ, ಅಪ್ಪ ಮುನಿಯಲ್ಲಪ್ಪನ ಮನೆಗೆ ಬಂದಳು.

ಅತ್ತೆಯ ಆ ಮಾತೂ ಅವಳ ಹಿಂದೆಯೇ ಬಂತು.

ತಟ್ಟೆಗಳನ್ನು ತಿಪ್ಪೆಯ ಹತ್ತಿರ ಸುರಿದು ಬೆಂಕಿ ಹಚ್ಚುವಾಗ ಪಕ್ಕದ ಮನೆಯ ಅಶ್ವತ್ಥಮ್ಮ ಸೆರಗು ಮೂಗಿಗೆ ಹಿಡಿದು ನಿಂತಿದ್ದಳು. "ನಮ್ಮ ಹುಳ ಎಲ್ಲಾ ಚೆನ್ನಾಗಿವೆಯಪ್ಪ. ಇವಳು ಮುಟ್ಟಿದ್ದು ಯಾವುದು ಉಳೀತು ಹೇಳಿ?"

ಶ್ರೀನಿವಾಸಪ್ಪ ಕೋಲಿನಿಂದ ಬೆಂಕಿ ಕೆದಕತೊಡಗಿದ. ಮುತ್ಯಾಲಮ್ಮನ ಕಡೆ ನೋಡಲೂ ಇಲ್ಲ.

'ಇವನಿಗೂ ನನ್ನ ಕಂಡ್ರೆ ಅಸಹ್ಯ...' ಎಂದುಕೊಂಡಳು ಅವಳು.

ಆದರೆ ಮುಂದಿನ ಶುಕ್ರವಾರ ಅವನು ಮತ್ತೆ ಬಂದ. ಸೈಕಲ್ಲಿನ ಹಿಂದೆ ಫಾರ್ಮಾಲಿನ್ ಡಬ್ಬ. ಪಂಚೆ ಎತ್ತಿಕಟ್ಟಿ ಗೋಡೆಗೆ ಔಷಧಿ ಹೊಡೆದ, ತಟ್ಟೆಗಳನ್ನು ಬಿಸಿಲಿಗೆ ಹಾಕಿದ, ನೆಲಕ್ಕೆ ಸುಣ್ಣ ಚೆಲ್ಲಿದ.

ಮುನಿಯಲ್ಲಪ್ಪ ಉಬ್ಬಸದ ಮನುಷ್ಯ. ಜಗಲಿಯಲ್ಲಿ ಕೆಮ್ಮುತ್ತಾ, ಗಡಿನಾಡಿನ ತೆಲುಗು ಬೆರೆಸಿ ಹೇಳಿದ, "ಸಾಕಮ್ಮಾ ತಲ್ಲೀ, ಬಿಟ್ಟುಬಿಡು. ರಾಗಿ ಹಾಕ್ಕೊಂಡು ಹೆಂಗೋ ಬದುಕೋಣ."

"ಈಗ ಬಿಟ್ರೆ ಅವರೆಲ್ಲ ಅಂದಿದ್ದೇ ನಿಜ ಆಗುತ್ತೆ, ನಾಯ್ನಾ," ಎಂದಳು ಅಪ್ಪನಿಗೆ.

ಎರಡನೇ ಬೆಳೆ ಯುಗಾದಿ ಕಳೆದ ಮೇಲೆ. ಆ ಬಿಸಿಲಿಗೆ ಅರ್ಧ ಹುಳು ಸಪ್ಪೆರೋಗ ಬಂದು ಸತ್ತವು. ಅವಳು ಬೆಳಿಗ್ಗೆ ಸತ್ತವನ್ನು ಆರಿಸಿ ಸುಣ್ಣದ ಗುಂಡಿಗೆ ಹಾಕುವಳು, ಒದ್ದೆ ಗೋಣಿ ಕಿಟಕಿಗೆ ಕಟ್ಟುವಳು, ಮಧ್ಯಾಹ್ನ ಮತ್ತೆ ಆರಿಸುವಳು. ಒಂದು ಶುಕ್ರವಾರ, ಶ್ರೀನಿವಾಸಪ್ಪ ಎಂದಿನಂತೆ ಬಂದಿದ್ದಾಗ, ಗುಂಡಿಯ ಪಕ್ಕವೇ ಕುಸಿದು ಕುಳಿತಳು.

"ನಿಜ ಹೇಳಿ... ನನ್ನ ಕೈಲೇ ಏನಾದ್ರೂ ಇದೆಯಾ?"

"ಇಲ್ಲ!" ಶ್ರೀನಿವಾಸಪ್ಪನ ದನಿ ಎಷ್ಟು ಜೋರಾಗಿ ಬಂತೆಂದರೆ ಅವಳು ಬೆಚ್ಚಿದಳು. "ನಿಮ್ಮ ಕೈಲಿ ಏನೂ ತಪ್ಪಿಲ್ಲ ಮುತ್ಯಾಲಮ್ಮ. ಯಾವತ್ತೂ ಇರ್ಲಿಲ್ಲ."

ಅವನ ಕಣ್ಣಲ್ಲಿ ನೀರಿತ್ತು! ಹಡೆದ ತಾಯಿ ಇದ್ದಿದ್ದರೂ ಇಷ್ಟು ಖಚಿತವಾಗಿ ಹೇಳುತ್ತಿದ್ದಳೋ ಇಲ್ಲವೋ. ಆ ದಿನದಿಂದ ಅವಳು ಶುಕ್ರವಾರಗಳನ್ನು ಎಣಿಸತೊಡಗಿದಳು. ತಲೆಗೆ ಕನಕಾಂಬರ ಮುಡಿದು, ಅವನು ಬರುವ ಹೊತ್ತಿಗೆ ನಾಚಿ ತೆಗೆದುಬಿಡುತ್ತಿದ್ದಳು.

ಆಷಾಢ ಮುಗಿಯುವಾಗ ಮೂರನೇ ಬೆಳೆ ಕೈಗೆ ಬಂತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ತುಂಬ ಹಳದಿ ಗೂಡು! ಮುನಿಯಲ್ಲಪ್ಪ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಮಗುವಿನಂತೆ ನಕ್ಕ.

ಗೂಡು ಬಿಡಿಸುತ್ತಾ ಮುತ್ಯಾಲಮ್ಮ ತಲೆ ಎತ್ತದೆ ಹೇಳಿದಳು, "ಇಡೀ ಊರಲ್ಲಿ ನನ್ನ ಮೇಲೆ ನಂಬಿಕೆ ಇಟ್ಟೋರು ನೀವೊಬ್ರೇ. ನಂಗೆ... ನೀವು ಅಂದ್ರೆ..."

"ಬೇಡ! ಮುಂದೆ ಹೇಳಬೇಡಿ."

ಅವನ ಮುಖ ಬಿಳಿಚಿಕೊಂಡಿತ್ತು.

"ನಂಬಿಕೆ ಅಲ್ಲ ಅದು. ನಂಗೆ ಗೊತ್ತಿತ್ತು... ನಿಮ್ಮ ಮೊದಲನೇ ಬೆಳೆಯ ಮೊಟ್ಟೆಯಲ್ಲೇ ರೋಗ ಇತ್ತು. ಅದನ್ನ ಇಟ್ಟ ತಾಯಿ ಚಿಟ್ಟೇನ ಸೂಕ್ಷ್ಮದರ್ಶಕದಲ್ಲಿ ನೋಡಿದೋನು ನಾನೇ. ಯಜಮಾನರು ಕಳಿಸು ಅಂದ್ರು. ಕೆಲಸ ಹೋಗುತ್ತೆ ಅಂತ ಹೆದರಿ... ಚೆನ್ನಾಗಿದೆ ಅಂತ ರುಜು ಹಾಕಿಬಿಟ್ಟೆ."

ಅವಳ ಮಡಿಲಿನಿಂದ ಗೂಡುಗಳು ಉರುಳಿಹೋದವು.

"ಸುಡೋವಾಗ ಪಕ್ಕದಲ್ಲೇ ನಿಂತಿದ್ರಿ. ಅಶ್ವತ್ಥಮ್ಮ ದೊಡ್ಡಮ್ಮ ಅಂದಿದ್ದು ಕೇಳಿಸ್ಕೊಂಡ್ರಿ."

"ಹೂಂ."

"ಆರು ತಿಂಗಳು! ದಿನಾ ನನ್ನ ಕೈ ನಾನೇ ನೋಡ್ಕೊಂಡು ಅಳ್ತಿದ್ದೆ. ನನ್ನ ಮಗೂನೂ ನಾನೇ ಕೊಂದ್ನೇನೋ ಅನ್ಕೋತಿದ್ದೆ. ನೀವು ಔಷಧಿ ಹೊಡೀತಾ ಇದ್ರಿ... ಎದ್ದೋಗಿ. ಮತ್ತೆ ಈ ಊರಿಗೆ ಬರಬೇಡಿ!"

ಅವನು ಮರುದಿನ ಬೆಳಿಗ್ಗೆಯೇ ಬಂದ. ಅವಳ ಮನೆಗಲ್ಲ. ಅರಳಿಕಟ್ಟೆಯ ಮೇಲೆ ನಿಂತು, ಹಾಲು ಹಾಕಲು ಬಂದವರೆಲ್ಲರ ಮುಂದೆ, ತನ್ನ ತಪ್ಪನ್ನು ಗಟ್ಟಿಯಾಗಿ ಹೇಳಿ ಹೋದ. ಸಂಜೆಯೊಳಗೆ ಅವನ ಕೆಲಸ ಹೋಯಿತು. ನಂಗಲಿಯಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದಾನೆಂದು ಆಮೇಲೆ ಸುದ್ದಿ ಬಂತು.

ಊರು ತಪ್ಪಾಯಿತು ಎಂದಿತೇ? ಇಲ್ಲ! "ಇಬ್ಬರ ಮಧ್ಯೆ ಏನೋ ಇತ್ತಂತೆ. ಅದಕ್ಕೇ ತನ್ನ ಮೇಲೆ ಹಾಕ್ಕೊಂಡ" ಎಂದಿತು.

ಅವತ್ತು ಮುತ್ಯಾಲಮ್ಮನಿಗೆ ಒಂದು ವಿಷಯ ಸ್ಪಷ್ಟವಾಯಿತು. ಇವರು ಒಪ್ಪುವ ದಿನ ಬರುವುದೇ ಇಲ್ಲ. ಹಾಗಾದರೆ ಇವರಿಗಾಗಿ ಕಾಯುವುದೇಕೆ?

ನಾಲ್ಕನೇ ಬೆಳೆಯ ಹುಳು ಕೊನೆಯ ಜ್ವರದಿಂದ ಎದ್ದು ಸೊಪ್ಪಿಗೆ ಹಸಿದ ದಿನವೇ ಮುನಿಯಲ್ಲಪ್ಪ ಉಸಿರು ಕಟ್ಟಿ ತೀರಿಕೊಂಡ.

ಅಪ್ಪನನ್ನು ಮಣ್ಣುಮಾಡಿ ಒದ್ದೆ ಸೀರೆಯಲ್ಲಿ ಅವಳು ನೇರವಾಗಿ ಹುಳುಮನೆಯತ್ತ ನಡೆದಳು.

"ಸೂತಕದ ಮನೇಲಿ ಹುಳ ಮುಟ್ತಾರೇನೇ?" ಅಶ್ವತ್ಥಮ್ಮ ಕೂಗಿದಳು.

"ಹುಳಕ್ಕೆ ಸೂತಕ ಗೊತ್ತಿಲ್ಲ ದೊಡ್ಡಮ್ಮ. ಹಸಿವು ಗೊತ್ತು."

ಸೊಪ್ಪು ಕೊಯ್ಯಲು ಕುಡುಗೋಲು ಹುಡುಕಿದಳು. ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ... ಆಳೆತ್ತರ ಹಿಪ್ಪುನೇರಳೆ ಸೊಪ್ಪು, ಮೇಲೆ ಒದ್ದೆ ಗೋಣಿ, ಪಕ್ಕದಲ್ಲೇ ಕುಡುಗೋಲು! ಎರಡು ದಿನಕ್ಕೆ ಸಾಕಾಗುವಷ್ಟು.

"ಆ ಮೊಟ್ಟೆಯೋನು ಬಂದಿದ್ದ," ಎಂದಳು ಅಶ್ವತ್ಥಮ್ಮ, ಈ ಬಾರಿ ಸ್ವಲ್ಪ ಮೆತ್ತಗೆ. "ಹೆಣ ಎತ್ತಿದ ಮೇಲೆ ಕೊಯ್ದಿಟ್ಟು, ಯಾರ್ನೂ ಮಾತಾಡಿಸದೆ ಹೋದ."

ಅಪ್ಪನ ಶವದ ಮುಂದೆ ಬಾರದ ಅಳು ಆ ಸೊಪ್ಪಿನ ರಾಶಿಯ ಮೇಲೆ ಬಿದ್ದಾಗ ಬಂತು. ಆದರೂ ಅವಳು ಅವನಿಗೆ ಹೇಳಿಕಳಿಸಲಿಲ್ಲ. ಸಿಟ್ಟು ಹಾಗೆಯೇ ಇತ್ತು. ಒಂಟಿತನಕ್ಕೆ ಹೆದರಿ ಕರೆದರೆ ಅದು ಪ್ರೀತಿಯಾಗುವುದಿಲ್ಲ ಎಂದೂ ಅನಿಸಿತು.

ಎರಡು ವರ್ಷ ಕಳೆಯಿತು. ಅವಳು ಸರ್ಕಾರಿ ತರಬೇತಿಗೆ ಹೋಗಿ ಚಿಟ್ಟೆ ಪರೀಕ್ಷೆ ಕಲಿತಳು. ತರಬೇತಿಗೆ ಬಂದ ಹೆಂಗಸು ಅವಳೊಬ್ಬಳೇ. ಮಳೆ ತಪ್ಪಿ ಒಂದು ಬೆಳೆ ಹೋಯಿತು, ಇರುವೆ ಹತ್ತಿ ಇನ್ನೊಂದು. ಮತ್ತೆ ತಟ್ಟೆ ತೊಳೆದಳು. ಎಳೆಹುಳು ಸಾಕಿ ಊರವರಿಗೇ ಕೊಡುವಂತಾದಳು. ಅಶ್ವತ್ಥಮ್ಮನೂ ತಟ್ಟೆ ಹಿಡಿದು ಬಂದು ನಿಂತಳು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಗೆದ್ದೆ ಎಂದು ಮುತ್ಯಾಲಮ್ಮನಿಗೆ ಅನಿಸಲೂ ಇಲ್ಲ. ಕಳೆದುಕೊಂಡದ್ದು ಕಳೆದೇಹೋಗಿತ್ತು.

ಈಗ ಅವಳಿಗೆ ಯಾರ ಆಸರೆಯೂ ಬೇಕಿರಲಿಲ್ಲ. ಆದರೂ ಅವನು ಬೇಕೆನಿಸುತ್ತಿತ್ತು... ಅದು ಅರ್ಥವಾದ ದಿನವೇ ನಂಗಲಿಯ ಬಸ್ಸು ಹತ್ತಿದಳು.

ಹೆದ್ದಾರಿಯ ಪಕ್ಕದ ಹುಣಸೆಹಣ್ಣಿನ ಮಂಡಿಯ ಮುಂದೆ ಅವನು ಮೂಟೆ ಇಳಿಸುತ್ತಿದ್ದ. ತೆಳ್ಳಗಾಗಿದ್ದ, ಹೆಗಲು ತರಚಿತ್ತು. ಅವಳನ್ನು ಕಂಡು ತಲೆಯ ವಸ್ತ್ರ ತೆಗೆದು ಹಾಗೇ ನಿಂತುಬಿಟ್ಟ.

"ಮುತ್ಯಾಲಮ್ಮ... ಕ್ಷಮಿಸಿದ್ರಾ?"

"ಇಲ್ಲ."

ಅವನು ತಲೆ ತಗ್ಗಿಸಿದ.

"ಪೂರ್ತಿ ಯಾವತ್ತೂ ಆಗಲ್ವೇನೋ. ನೆನಪಾದಾಗೆಲ್ಲ ಬೈತೀನಿ. ಎದುರುಗಡೆ ಇದ್ರೆ ಬೈಯೋಕೆ ಅನುಕೂಲ." ಅವಳು ಬಸ್ಸಿನತ್ತ ತಿರುಗಿ ನೋಡಿದಳು. "ಮದುವೆ ಗಿದುವೆ ಆಗಿಬಿಟ್ಟಿದ್ರೆ ಈಗ್ಲೇ ಹೇಳಿಬಿಡಿ. ಬಸ್ಸು ಇನ್ನೂ ಹೋಗಿಲ್ಲ."

"ಯಾರನ್ನ ಆಗ್ಲಿ?" ಎಂದ ಅವನು. "ಎರಡು ವರ್ಷದಿಂದ ಮನಸ್ಸೆಲ್ಲ ನಿಮ್ಮ ಹತ್ರಾನೇ ಇದೆ."

ಲಾರಿಯೊಂದು ಧೂಳೆಬ್ಬಿಸಿ ಆಂಧ್ರದ ಕಡೆ ಹೋಯಿತು.

"ಇನ್ಮೇಲೆ ನನ್ನ ಹತ್ರ ಏನೂ ಮುಚ್ಚಿಡಬಾರ್ದು."

"ಇಡಲ್ಲ. ಈಗ್ಲೇ ಒಂದು ಹೇಳ್ಲಾ?"

"ಹೇಳಿ."

"ಭಯ ಆಗ್ತಿದೆ, ಮುತ್ಯಾಲು."

ಅವಳು ಸೆರಗಿನ ತುದಿಯಿಂದ ಅವನ ಹಣೆಯ ಧೂಳನ್ನು ಮೆಲ್ಲಗೆ ಒರೆಸಿದಳು.

"ನಂಗೂ..." ಎಂದಳು.