ರೇಡಿಯೋ ಓದಿದ ಹಳೇ ವಾರ್ತೆ

"ಅವಳಿಗೆ ಫೋನಲ್ಲಿ ಮಾತಾಡೋಕೆ ಆಗಲ್ಲ ಮೇಡಂ. ಏನಿದ್ರೂ ನನ್ನನ್ನೇ ಕೇಳಿ."

ಹೀಗಂದವಳು ಐದನೇ ಕ್ಲಾಸಿನ ರೇಡಿಯೋ. ಫೋನಿನ ಆ ಕಡೆ ಇದ್ದವರು ಅವಳ ಅಕ್ಕನ ಕಾಲೇಜಿನ ಮ್ಯೂಸಿಕ್ ಮೇಡಂ. ಅಕ್ಕ ಅಲ್ಲೇ ಕಿಟಕಿಯ ಕೆಳಗೆ, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು, ಪಿಟೀಲಿನ ಕಮಾನಿಗೆ ರಾಳದ ಬಿಲ್ಲೆ ಉಜ್ಜುತ್ತ ಕೂತಿದ್ದಳು. ಅಪ್ಪ ಇನ್ನೂ ಟೌನ್ ಬಸ್ ಓಡಿಸುತ್ತಿದ್ದರು. ಅಮ್ಮ ಆಸ್ಪತ್ರೆಯ ಲಾಂಡ್ರಿಯಿಂದ ಬಂದಿರಲಿಲ್ಲ.

ಮೇಡಂ ಕೇಳಿದ್ದು ಇಷ್ಟೇ. ಕಾಲೇಜಿನ ವಾದ್ಯವೃಂದ ಸಮುದ್ರದ ಪಕ್ಕದ ಒಂದು ಊರಿಗೆ ಕಾರ್ಯಕ್ರಮ ಕೊಡಲು ಹೊರಟಿದೆ. ರೈಲಿನಲ್ಲಿ ಹೋಗಬೇಕು, ಹೊಸ ಜಾಗದಲ್ಲಿ ಮಲಗಬೇಕು, ಜನ ಜಾಸ್ತಿ, ಗದ್ದಲವೂ ಜಾಸ್ತಿ. ಅಕ್ಕ ಹೇಗೆ ತಡೆದುಕೊಳ್ಳುತ್ತಾಳೆ? ಮನೆಯವರು ಹೇಳಿದರೆ ತಮಗೆ ಅನುಕೂಲ.

ರೇಡಿಯೋ ಸ್ಟೂಲ್ ಎಳೆದುಕೊಂಡು ಕೂತಳು. ಅಕ್ಕನ ವಿಷಯ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರಳು ಹುರಿದ ಹಾಗೆ ಮಾತು ಸಿಡಿಯತೊಡಗಿತು. ಮಿಕ್ಸಿ ಹಾಕೋ ಮುಂಚೆ ಅಕ್ಕನಿಗೆ ಹೇಳಬೇಕು. ತಟ್ಟೆಯಲ್ಲಿ ಒಂದು ತಿಂಡಿಗೆ ಇನ್ನೊಂದು ತಾಗಬಾರದು. ಶರ್ಟಿನ ಕಾಲರಿನ ಚೀಟಿ ಕತ್ತರಿಸಬೇಕು. ಚಿಕ್ಕಪ್ಪನ ಮದುವೆಯಲ್ಲಿ ಬ್ಯಾಂಡಿನವರು ಬಂದಾಗ ಅಕ್ಕ ಊಟದ ಮೇಜಿನ ಕೆಳಗೆ ಸೇರಿಕೊಂಡವಳು ಸಂಜೆಯವರೆಗೂ ಹೊರಗೆ ಬರಲೇ ಇಲ್ಲ. ಕೊನೆಗೆ ರೇಡಿಯೋನೇ ಒಳಗೆ ತೂರಿ ಅವಳ ಜೊತೆ ಕೂತು ಐಸ್‌ಕ್ರೀಮ್ ತಿಂದಳು.

ಮೇಡಂ ನಕ್ಕರು. ಅವರು ನಕ್ಕರಲ್ಲ ಅಂತ ರೇಡಿಯೋಗೆ ಇನ್ನೂ ಹುರುಪು ಬಂತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಕಿವಿ ಮುಚ್ಚಿಕೊಂಡು ಅತ್ತಿದ್ದು, ಸುತ್ತ ಜನ ಸೇರಿದ್ದು, ಒಬ್ಬ ತಾತ ನಿಂಬೆಹಣ್ಣು ಮೂಸಿಸಲು ಬಂದಿದ್ದು, ಎಲ್ಲ ಹೇಳಿದಳು. ಈ ಸಲ ಮೇಡಂ ನಗಲಿಲ್ಲ.

"ಹೌದಾ ಪುಟ್ಟಾ," ಅಂದರು ಮೆಲ್ಲಗೆ. "ಹೇಳಿದ್ದು ಒಳ್ಳೇದಾಯ್ತು."

ಫೋನ್ ಇಟ್ಟು ತಿರುಗಿದರೆ ಅಕ್ಕ ಇವಳನ್ನೇ ನೋಡುತ್ತಿದ್ದಳು. ರಾಳದ ಬಿಲ್ಲೆ ಕೈಯಲ್ಲೇ ಇತ್ತು. ಏನೋ ಹೇಳುವವಳ ಹಾಗೆ ಬಾಯಿ ತೆರೆದಿತ್ತು. ರೇಡಿಯೋಗೆ ಹಸಿವಾಗಿತ್ತು. ಅಡುಗೆಮನೆಗೆ ಓಡಿದಳು.

ಅವಳಿಗೆ ರೇಡಿಯೋ ಅಂತ ಹೆಸರಿಟ್ಟವಳು ಅಕ್ಕನೇ. "ಆನ್ ಮಾಡೋ ಬಟನ್ ಇದೆ, ಆಫ್ ಮಾಡೋದು ಬಿದ್ದುಹೋಗಿದೆ," ಅಂತ ಒಮ್ಮೆ ಅಂದಿದ್ದಳು. ಅಕ್ಕನ ಮುಖದಲ್ಲಿ ನಗು ಇರಲಿಲ್ಲವಾದ್ದರಿಂದ ಅದು ಜೋಕ್ ಅಂತ ಮನೆಯವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಪ್ಪ ನಕ್ಕೂ ನಕ್ಕೂ ಕೆಮ್ಮಿದರು.

ಅಕ್ಕನಿಗೆ ಇರುವುದು ಆಟಿಸಂ. ಅವಳಿಗೆ ಮಾತು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ತಡವಾಗಿ ಬರುತ್ತದೆ, ಅಷ್ಟೇ. ಅಂಗಡಿಯವನು "ಏನ್ ಬೇಕಮ್ಮಾ?" ಅಂದರೆ ಅಕ್ಕ ಒಳಗೊಳಗೇ ಮಾತು ಜೋಡಿಸುತ್ತಾಳೆ. ಅಷ್ಟರಲ್ಲಿ ಹಿಂದಿನವರು ಗೊಣಗುತ್ತಾರೆ. ಆಗ ರೇಡಿಯೋ ಮುಂದೆ ನುಗ್ಗಿ, "ಅರ್ಧ ಕೆಜಿ ಸಕ್ಕರೆ, ಒಂದು ಸೋಪು," ಅನ್ನುತ್ತಾಳೆ. ಹೀಗೆ ಮಾಡಿ ಮಾಡಿ ಅವಳು ಅಕ್ಕನ ಬಾಯಿಯೇ ಆಗಿಬಿಟ್ಟಿದ್ದಳು. "ನೀನಿಲ್ದೇ ಇದ್ರೆ ಅವಳ ಗತಿ ಏನು!" ಅಂತ ಪಕ್ಕದ ಮನೆ ಆಂಟಿ ಹೇಳಿದಾಗಲೆಲ್ಲ ರೇಡಿಯೋ ಒಂದಿಂಚು ಎತ್ತರವಾಗುತ್ತಿದ್ದಳು.

ಒಮ್ಮೆ ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಚುವಾಗ ಅವಳು ಕೇಳಿದ್ದಳು, ಪಿಟೀಲು ಅಂದ್ರೆ ನಿನಗೆ ಯಾಕಷ್ಟು ಇಷ್ಟ ಅಂತ. ಎರಡು ಬೆಡ್‌ಶೀಟ್ ಮಡಚಿ ಮುಗಿಯುವವರೆಗೂ ಅಕ್ಕ ಮಾತಾಡಲಿಲ್ಲ. ಆಮೇಲೆ ಅಂದಳು:

"ಎಲ್ಲರೂ ಸೇರಿ ನುಡಿಸುವಾಗ ನಾನು ಎಲ್ಲಿ ಶುರು ಮಾಡ್ಬೇಕು, ಎಲ್ಲಿ ಸುಮ್ನಿರ್ಬೇಕು ಅಂತ ಹಾಳೆ ಮೇಲೆ ಬರೆದಿರುತ್ತೆ. ನನ್ನ ಸರದಿ ಬರೋವರೆಗೂ ಉಳಿದವರು ಕಾಯ್ತಾರೆ. ಮಾತಾಡುವಾಗ ನನ್ನ ಸರದಿ ಎಲ್ಲಿದೆ ಅಂತ ಯಾರೂ ಬರೆದಿಟ್ಟಿರಲ್ಲ."

ಅವರ ರೂಮಿನ ಗೋಡೆಯ ಮೇಲೆ ಭೂಪಟ ಇತ್ತು. ಅಕ್ಕ ಅದರಲ್ಲಿ ಎಷ್ಟೋ ಊರುಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಳು. ಎಲ್ಲವೂ ಅವಳಿಗೆ ಭಾಷೆ ಗೊತ್ತಿಲ್ಲದ ಊರುಗಳೇ. ಅಲ್ಲಿಗೆ ಯಾಕೆ ಅಂದಾಗ, "ಅಲ್ಲಿ ನಾನು ತಡವಾಗಿ ಉತ್ತರ ಕೊಟ್ರೆ ಜನ ಬೇಜಾರು ಮಾಡ್ಕೊಳ್ಳಲ್ಲ. ಬೇರೆ ಕಡೆಯವಳು, ಪಾಪ, ಯೋಚಿಸ್ತಿದ್ದಾಳೆ ಅಂತ ಕಾಯ್ತಾರೆ," ಅಂದಿದ್ದಳು.

ಮೊದಲು ಇಲ್ಲೇ ಹತ್ತಿರದ ಸಮುದ್ರದ ಊರು. ಆಮೇಲೆ ದೂರದವು. ಅದು ಅಕ್ಕನ ಲೆಕ್ಕಾಚಾರ.

ಫೋನ್ ಬಂದ ಮಾರನೇ ದಿನ ಅಕ್ಕ ಕಾಲೇಜಿನಿಂದ ಬಂದವಳು ಪಿಟೀಲಿನ ಪೆಟ್ಟಿಗೆಯನ್ನು ಮಂಚದ ಮೇಲೆ ಇಡಲಿಲ್ಲ, ಮಂಚದ ಕೆಳಗೆ ತಳ್ಳಿದಳು. ಅಮ್ಮ ಏನಾಯ್ತೇ ಅಂತ ಕೇಳಿ, ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

"ನನ್ನ ಬದಲು ಬೇರೆ ಹುಡುಗೀನ ಕರ್ಕೊಂಡು ಹೋಗ್ತಾರಂತೆ," ಅಂದಳು ಅಕ್ಕ. "ನನಗೆ ಕಷ್ಟ ಆಗುತ್ತೆ ಅಂತ ಮನೆಯವರೇ ಹೇಳಿದ್ರಂತೆ."

ಅಮ್ಮ ಅಪ್ಪನ ಮುಖ ನೋಡಿದರು. ಅಪ್ಪ ಅಮ್ಮನ ಮುಖ ನೋಡಿದರು. ರೇಡಿಯೋ ನೆಲ ನೋಡಿದಳು.

"ನಾನು... ಮೇಡಂ ಕೇಳಿದ್ರು, ಅದಕ್ಕೆ..." ಅಂತ ಶುರು ಮಾಡಿದಳು.

ಅಪ್ಪ ಕುರ್ಚಿಯಲ್ಲಿ ಕುಸಿದು ಕೂತರು. ಅವರು ಹೇಳಿದ ಮೇಲೇ ರೇಡಿಯೋಗೆ ಗೊತ್ತಾಗಿದ್ದು. ಎಷ್ಟೋ ತಿಂಗಳಿಂದ ಭಾನುವಾರ ಬೆಳಿಗ್ಗೆ ಅಪ್ಪ, ಅಕ್ಕ ಇಬ್ಬರೇ ಎಲ್ಲಿಗೋ ಹೋಗುತ್ತಿದ್ದರಲ್ಲ, ಅದು ರೈಲ್ವೆ ಸ್ಟೇಷನ್ನಿಗೆ. ಮೊದಲು ಗೇಟಿನ ಹೊರಗೆ. ಆಮೇಲೆ ಟಿಕೆಟ್ ಕೌಂಟರಿನ ಹತ್ತಿರ. ಆಮೇಲೆ ಪ್ಲಾಟ್‌ಫಾರ್ಮಿನ ಬೆಂಚು. ಕೊನೆಕೊನೆಗೆ ಪಕ್ಕದ ಸ್ಟೇಷನ್ನಿನವರೆಗೆ ಹೋಗಿ ವಾಪಸ್. ರೈಲಿನ ಸದ್ದನ್ನು ಅಕ್ಕ ಪಾಠದ ಹಾಗೆ ಸ್ವಲ್ಪಸ್ವಲ್ಪವೇ ಕಲಿತಿದ್ದಳು. ರೇಡಿಯೋ ಬಂದರೆ ದಾರಿಯುದ್ದಕ್ಕೂ ಮಾತಾಡುತ್ತಾಳೆ ಅಂತ ಅವಳನ್ನು ಕರೆದುಕೊಂಡು ಹೋಗಿರಲಿಲ್ಲ.

"ಅವಳು ಮೇಜಿನ ಕೆಳಗೆ ಕೂತಿದ್ದು ಯಾವ ಕಾಲದ ಮಾತು ಪುಟ್ಟಾ," ಅಂದರು ಅಪ್ಪ. ಬೈದಿದ್ದರೆ ವಾಸಿಯಿತ್ತು.

ಅಕ್ಕ ಬಹಳ ಹೊತ್ತಿನ ಮೇಲೆ ಅಂದಳು, "ರೇಡಿಯೋ ಹಳೇ ವಾರ್ತೆ ಓದಿತು."

ಅಮ್ಮ ಮೇಡಂಗೆ ಫೋನ್ ಮಾಡಿದರು. ಮೇಡಂ ತುಂಬಾ ನೊಂದುಕೊಂಡರು. ಆದರೆ ಆ ಹುಡುಗಿಯ ಹೆಸರಲ್ಲಿ ಟಿಕೆಟ್ ಆಗಿಹೋಗಿತ್ತು, ಒಬ್ಬರನ್ನು ಬಿಡಿಸಿ ಇನ್ನೊಬ್ಬರನ್ನು ಸೇರಿಸುವುದು ಸರಿಯಲ್ಲ, ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ಅಕ್ಕ ಆ ಕಾಲೇಜಿನಲ್ಲೇ ಇರುವುದಿಲ್ಲ. ಅಮ್ಮ ಅದನ್ನು ಹೇಳಲಿಲ್ಲ. ಫೋನ್ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

ರೇಡಿಯೋ ಅಕ್ಕನ ಹತ್ತಿರ ಹೋಗಿ ಸಾರಿ ಅಂದಳು. ಮತ್ತೆ ಸಾರಿ ಅಂದಳು. ಮತ್ತೂ ಅಂದಳು.

"ಒಂದು ಸಲ ಸಾಕು," ಅಂದಳು ಅಕ್ಕ.

"ನೀನು ಹೆಡ್‌ಫೋನ್ ಹಾಕ್ಕೊಂಡಿದ್ದೆ. ಕೇಳಿಸಲ್ಲ ಅಂದ್ಕೊಂಡೆ."

"ಅದರಲ್ಲಿ ಹಾಡು ಇರ್ಲಿಲ್ಲ. ಎಲ್ಲ ಕೇಳಿಸ್ತು."

"ಮತ್ತೆ ಯಾಕೆ ಸುಮ್ನಿದ್ದೆ ಅಕ್ಕಾ?"

ಅಕ್ಕ ಕಾಲರಿನ ಅಂಚನ್ನು ಬೆರಳಲ್ಲಿ ತಿರುವಿದಳು, ಮತ್ತೆ ತಿರುವಿದಳು. "ಸುಮ್ನಿರ್ಲಿಲ್ಲ. ಫೋನ್ ಕೊಡು ಅನ್ನೋಕೆ ಮಾತು ಜೋಡಿಸ್ತಿದ್ದೆ. ಅಷ್ಟರಲ್ಲಿ ನೀನು ಇಟ್ಬಿಟ್ಟೆ."

ಬಾಯಿ ತೆರೆದಿದ್ದ ಆ ಮುಖ ರೇಡಿಯೋಗೆ ನೆನಪಾಯಿತು. ಹಾಸಿಗೆಯ ಮೇಲೆ ಬೋರಲಾಗಿ ಬಿದ್ದು ದಿಂಬು ಕಚ್ಚಿಕೊಂಡಳು.

ವಾದ್ಯವೃಂದ ಹೊರಡುವ ದಿನ ಭಾನುವಾರವೇ ಬಂತು. ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ. ಅಕ್ಕ ಬೆಳಿಗ್ಗೆಯೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ತನ್ನ ಜಾಗಕ್ಕೆ ಹೋಗುವ ಹುಡುಗಿಗೆ ಒಂದು ಸೆಟ್ ಪಿಟೀಲಿನ ತಂತಿ ಕೊಡಬೇಕಂತೆ, ದಾರಿಯಲ್ಲಿ ಹರಿದರೆ ಇರಲಿ ಅಂತ. ಅಮ್ಮ ಬೇಡ ಅನ್ನಲು ಹೋದವರು ಅನ್ನಲಿಲ್ಲ. ರೇಡಿಯೋಗೆ, "ಅಕ್ಕನ ಕೈ ಬಿಡಬೇಡ," ಅಂದರು.

ಬೀದಿಗೆ ಬಂದ ಮೇಲೆ ನೋಡಿದರೆ ಕೈ ಹಿಡಿದುಕೊಂಡಿದ್ದವಳು ಅಕ್ಕ.

ರೈಲು ಆಗಲೇ ನಿಂತಿತ್ತು. ಅಕ್ಕ ಕಿಟಕಿಯಲ್ಲಿ ಕೈ ಚಾಚಿ ತಂತಿ ಕೊಟ್ಟಳು. ಆ ಹುಡುಗಿ ತಲೆ ತಗ್ಗಿಸಿ ತೆಗೆದುಕೊಂಡಳು. ಪಕ್ಕದ ಕಿಟಕಿಯಲ್ಲಿದ್ದ ಮೇಡಂ ಇವರನ್ನು ನೋಡಿ ಬಾಗಿದರು. ಅಕ್ಕನ ತಲೆಯ ಮೇಲಿಂದ ರೇಡಿಯೋ ಕಡೆ ನೋಡಿ, "ಅಕ್ಕಂಗೆ ತುಂಬಾ ಬೇಜಾರಾಯ್ತೇನಮ್ಮಾ?" ಅಂತ ಕೇಳಿದರು.

ಉತ್ತರ ರೇಡಿಯೋಳ ನಾಲಿಗೆಯ ತುದಿಗೇ ಬಂದಿತ್ತು. ಒಂದಲ್ಲ, ಹತ್ತು ಉತ್ತರ. ಅಕ್ಕ ಊಟ ಬಿಟ್ಟಿದ್ದು, ಪಿಟೀಲು ಮುಟ್ಟದೇ ಇದ್ದದ್ದು, ಭೂಪಟವನ್ನು ಗೋಡೆಯಿಂದ ತೆಗೆದು ಸುರುಳಿ ಸುತ್ತಿದ್ದು. ಎಲ್ಲವನ್ನೂ ನುಂಗಿಕೊಂಡಳು.

"ಅವಳನ್ನೇ ಕೇಳಿ ಮೇಡಂ," ಅಂದಳು.

ಆಮೇಲೆ ಅಕ್ಕನ ಮುಖ ನೋಡುತ್ತ ನಿಂತಳು. ಅವಳು ನೋಡುತ್ತಿದ್ದಾಳೆ ಅಂತ ಮೇಡಂ ಕೂಡ ಅತ್ತಲೇ ನೋಡಬೇಕಾಯಿತು. ಒಬ್ಬ ಕೂಲಿ ದಾರಿ ಬಿಡಿ ಅನ್ನುತ್ತ ಸೂಟ್‌ಕೇಸ್ ಹೊತ್ತು ಹೋದ. ಯಾವುದೋ ಮಗು ನೀರಿಗೆ ಅತ್ತಿತು. ರೈಲು ಸಿಳ್ಳೆ ಹೊಡೆಯಿತು. ರೇಡಿಯೋ ಕಿವಿ ಮುಚ್ಚಿಕೊಂಡಳು. ಅಕ್ಕ ಮುಚ್ಚಿಕೊಳ್ಳಲಿಲ್ಲ.

"ಬೇಜಾರಾಗಿದೆ," ಅಂದಳು ಅಕ್ಕ. ರೈಲು ಅಲುಗಿತು. "ನಾನು ತಯಾರಾಗಿದ್ದೆ ಮೇಡಂ."

ಮೇಡಂ ಏನೋ ಹೇಳಿದರು. ಚಕ್ರದ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಅವರ ಕೈ ಕಿಟಕಿಯ ಸರಳಿನ ಮೇಲೆಯೇ ಇತ್ತು, ಬೋಗಿ ಕಣ್ಮರೆಯಾಗುವವರೆಗೂ.

ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಅಕ್ಕ ಒಂದು ಬೆಂಚಿನ ಕಡೆ ನಡೆದು, ಅದರ ಎಡತುದಿಯಲ್ಲಿ ಕೂತಳು. ಅಪ್ಪನ ಜೊತೆ ಬಂದಾಗಲೂ ಅಲ್ಲೇ ಕೂರುತ್ತಿದ್ದಳೇನೋ. ರೇಡಿಯೋ ಪಕ್ಕದಲ್ಲಿ ಕೂತಳು. ಅನೌನ್ಸ್‌ಮೆಂಟಿಗೆ ಮುಂಚಿನ ಟಿಂಗ್ ಟಾಂಗ್ ಕೇಳಿಸಿದಾಗ ಅಕ್ಕನ ಎಡಗೈ ಬೆರಳುಗಳು ಮಂಡಿಯ ಮೇಲೆ ಆ ಸ್ವರಗಳನ್ನೇ ಒತ್ತಿದವು. ಇದು ರೇಡಿಯೋಗೆ ಗೊತ್ತಿರಲಿಲ್ಲ. ಇನ್ನೂ ಏನೇನು ಗೊತ್ತಿಲ್ಲವೋ.

"ಅಕ್ಕಾ, ಸಮುದ್ರದ ಸದ್ದು ಹೇಗಿರುತ್ತೆ ಅನ್ಸುತ್ತೆ ನಿಂಗೆ?"

ಕಸ ಗುಡಿಸುವವಳು ಆ ತುದಿಯಿಂದ ಗುಡಿಸುತ್ತ ಬಂದಳು. ಇಬ್ಬರೂ ಕಾಲು ಮೇಲೆತ್ತಿದರು. ಅವಳು ಬೆಂಚಿನ ಕೆಳಗೆ ಗುಡಿಸಿ ಈ ತುದಿಗೆ ಹೋದಳು. ಅಕ್ಕ ಹಳಿಗಳನ್ನು ನೋಡುತ್ತ ಇನ್ನೂ ಯೋಚಿಸುತ್ತಲೇ ಇದ್ದಳು.

ರೇಡಿಯೋ ಕಾಲು ಇಳಿಸಿ, ಕೈ ಮಡಿಲಲ್ಲಿಟ್ಟುಕೊಂಡು, ಕಾಯುತ್ತ ಕೂತಳು.