ಅವಳ ಹಿಂದೆ ಅವನು ಕಡಿದ ಕಾಳು

“ಒಣಗ್ಯಾವ. ಮಷೀನ್ ಚಾಲೂ ಮಾಡ್ರಿ.”

ತೊಗರಿ ಕಾಳನ್ನು ಹಲ್ಲಿನಡಿ ಕಟಕ್ಕನೆ ಕಡಿದು ಸುನಂದಾ ಹೇಳಿದಳು. ದನಿ ಗಟ್ಟಿಯಾಗಿಯೇ ಬಂತು. ಎದೆ ಮಾತ್ರ ಡವಡವ ಎನ್ನುತ್ತಿತ್ತು.

ಕಮಲಾಪುರದ ರೈತರು ಸಂಘ ಕಟ್ಟಿಕೊಂಡು ನಡೆಸುವ ಬೇಳೆ ಮಿಲ್ಲಿಗೆ ಮ್ಯಾನೇಜರಾಗಿ ಅವಳದು ಅದು ಮೊದಲ ದಿನ. ಎಣ್ಣೆ, ನೀರು ಹಚ್ಚಿ ಬಿಸಿಲಿಗೆ ಹರವಿದ ತೊಗರಿ ಒಣಗಿದೆಯೋ ಇಲ್ಲವೋ ಎಂದು ಮ್ಯಾನೇಜರೇ ಕಡಿದು ಹೇಳಬೇಕು. ಹಸಿ ಕಾಳು ಮಷೀನಿಗೆ ಬಿದ್ದರೆ ಹೊಟ್ಟು ಬಿಡುವುದಿಲ್ಲ, ಬೇಳೆಯೆಲ್ಲ ನುಚ್ಚಾಗುತ್ತದೆ.

ಮಷೀನಿನ ಪಕ್ಕದಿಂದ ಆಪರೇಟರ್ ಯಶವಂತ ಬಂದ. ಎತ್ತರದ ಆಳು, ತಲೆಗೆ ಟವೆಲ್ಲು. ಅದೇ ರಾಶಿಯಿಂದ ಒಂದು ಕಾಳೆತ್ತಿ, ಅವಳ ಮುಖವನ್ನೇ ನೋಡುತ್ತ ತಾನೂ ಕಡಿದ.

ಅಂಗಳದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಇತ್ತ ತಿರುಗಿದರು.

“ಯಾಕ್ರಿ, ನನ್ನ ಮಾತಿನ ಮ್ಯಾಲ ಭರೋಸಾ ಇಲ್ಲೇನು?”

“ಹಂಗೇನಿಲ್ರಿ ಮ್ಯಾಡಮ್,” ಎಂದು ಅವನು ಹೋಗಿ ಗುಂಡಿ ಒತ್ತಿದ.

ಹಂಗೇನಿಲ್ಲವಂತೆ! ಸುನಂದಾಳಿಗೆ ಮೈಯೆಲ್ಲ ಉರಿಯಿತು. ಉರಿಯುವ ಹೊತ್ತಿನಲ್ಲೇ, ಇವನ ಕಣ್ಣು ಎಷ್ಟು ತಣ್ಣಗಿವೆಯಲ್ಲ ಎಂದೂ ಅನಿಸಿತು. ಸಿಟ್ಟನ್ನಾದರೂ ನೆಟ್ಟಗೆ ಮಾಡಲು ಬಾರದ ಹುಡುಗಿ.

ಐದು ವರ್ಷ ಅವಳು ಸಂಘದ ಕಲಬುರಗಿ ಆಫೀಸಿನಲ್ಲಿ ಬೇಳೆಯ ಗುಣಮಟ್ಟ ನೋಡಿದವಳು. ಹಳೆಯ ಮ್ಯಾನೇಜರ್ ದತ್ತಪ್ಪ ನಿವೃತ್ತರಾದಾಗ ಅಧ್ಯಕ್ಷ ದೌಲಪ್ಪ ಗೌಡರು ಅವಳನ್ನು ಕರೆದು, “ಮೂರು ತಿಂಗಳು ನಡಸಿ ತೋರಸವ್ವ. ಆಗಲಿಲ್ಲಂದ್ರ ವಾಪಸ್ ಆಫೀಸಿಗಿ,” ಎಂದಿದ್ದರು.

ದಿನಾ ಕಲಬುರಗಿ ಪಕ್ಕದ ಕುಸನೂರಿನ ಮನೆಯಿಂದ ಹೊರಟು ಕಮಲಾಪುರದ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಒಂದೇ ಚಿಂತೆ. ‘ನನ್ನಿಂದ ಆಗುತ್ತದಾ? ಇವತ್ತೇ ಸಿಕ್ಕಿಬೀಳುತ್ತೇನಾ...?’ ಸಣ್ಣ ಕೆಲಸಕ್ಕೂ ದತ್ತಪ್ಪನವರಿಗೆ ಫೋನು ಮಾಡುತ್ತಿದ್ದಳು. ಇಷ್ಟು ಸಾಲದೆಂಬಂತೆ ಅವಳು ಕಡಿದ ಮೇಲೆ ಯಶವಂತ ದಿನಾ ತಪ್ಪದೆ ಕಡಿಯುತ್ತಿದ್ದ. ಎಲ್ಲರೆದುರು.

ಕೊನೆಗೊಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ.

“ನಾಳಿಂದ ನೀವು ಮಷೀನ್ ಕಡಿ ಬರಬ್ಯಾಡ್ರಿ. ಗೋದಾಮು ನೋಡ್ಕೋರಿ.”

ಅವನು ಒಂದು ಗಳಿಗೆ ಅವಳನ್ನು ನೋಡಿದ. “ಆತ್ರಿ ಮ್ಯಾಡಮ್.”

ಗೆದ್ದೆ ಎಂದು ಖುಷಿಯಾಗಬೇಕಿತ್ತು. ಬಸ್ಸಿನಲ್ಲಿ ಕೂತಾಗ ಯಾಕೋ ಕಣ್ಣು ತುಂಬಿ ಬಂದವು...

ಮರುದಿನ ಮೋಡ ಮುಸುಕಿತ್ತು. ಬೇಳೆ ಹಸನು ಮಾಡುವ ಹೆಂಗಸರಲ್ಲಿ ಹಿರಿಯಳಾದ ಇಕ್ಬಾಲ್ ಬೇಗಂ ಹತ್ತಿರ ಕರೆದಳು.

“ಯಶವಂತನ್ನ ಯಾಕ ಗೋದಾಮಿಗಿ ಹಾಕಿದಿ ಬೇಟಿ?”

“ನಾ ಕಡದ ಮ್ಯಾಲ ತಾನೂ ಕಡೀತಿದ್ದ. ನನ್ನ ತಪ್ಪು ಹುಡುಕೂ ಚಾಳಿ.”

ಬೇಗಂ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಯಾ ಅಲ್ಲಾ. ನಿನಗ ಯಾರೂ ಹೇಳಿಲ್ಲೇನು? ಮ್ಯಾನೇಜರ್ ಹಿಂದ ಯಾರು ಕಾಳು ಕಡೀತಾರ, ಅರ್ಧ ಹೊಣಿ ಅವರದು. ಈ ಮಿಲ್ಲಿನ ರಿವಾಜ್ ಅದು. ಮಾಲು ಕೆಟ್ರ ಗೌಡರ ಮುಂದ ಇಬ್ಬರೂ ತಲಿ ತಗ್ಗಿಸಿ ನಿಂದ್ರಬೇಕು. ದತ್ತಪ್ಪನ ಹಿಂದ ಒಬ್ಬರೂ ಕಡದಿದ್ದಿಲ್ಲ. ನಿನ್ನ ಹಿಂದ ಆಂವ ಕಡದ.”

‘ಇಷ್ಟು ದಿನ ನನ್ನ ಜೊತೆ ನಿಂತವನನ್ನು ನಾನೇ ಅಟ್ಟಿದೆನಲ್ಲ...’

ಸುನಂದಾ ಗೋದಾಮಿನ ಕಡೆ ಹೆಜ್ಜೆ ಇಟ್ಟಿದ್ದಳಷ್ಟೇ, ಗೌಡರ ಜೀಪು ಬಂತು.

“ಸೂಪರ್ ಮಾರ್ಕೆಟಿನ ಸೇಠ್ ಲಾರಿ ಕಳಸ್ಯಾನ. ಸಂಜೀಕ ಮಾಲು ಹೋಗಬೇಕು, ಕಾಳು ಮಷೀನಿಗಿ ಹಾಕಸವ್ವ.”

ಅವಳು ಒಂದು ಕಾಳು ಕಡಿದಳು. ಮೆತ್ತಗೆ ಜಗ್ಗಿತು. ಇನ್ನೊಂದು ಕಡಿದಳು, ಅದೂ ಹಾಗೆಯೇ.

“ಇನ್ನಾ ಹಸಿ ಅದಾವ್ರಿ.”

“ಎರಡು ದಿನ ಬಿಸಲು ಕಂಡಾವ. ದತ್ತಪ್ಪ ಇದ್ದಿದ್ರ ಇಷ್ಟೊತ್ತಿಗಿ ಹಾಕತಿದ್ದ.”

ಕೈ ತಾನಾಗಿ ಫೋನಿಗೆ ಹೋಯಿತು. ಅಲ್ಲೇ ನಿಂತಿತು. ‘ಕಡಿದದ್ದು ನನ್ನ ಹಲ್ಲು. ಮನೆಯಲ್ಲಿ ಕೂತ ದತ್ತಪ್ಪನವರು ಏನು ಹೇಳಿಯಾರು?’

“ನಾ ಹಾಕ್ಸೂದಿಲ್ರಿ ಗೌಡ್ರ. ಏನ ಆದ್ರೂ ಹೊಣಿ ಪೂರಾ ನಂದು.”

ಗೌಡರ ಮುಖ ಗಂಟಿಕ್ಕಿತು. ಗೋದಾಮಿನ ಬಾಗಿಲಿಗೆ ಬಂದಿದ್ದ ಯಶವಂತನನ್ನು ಕೂಗಿದರು. “ನೀ ಕಡದು ಹೇಳಪಾ.”

ಯಶವಂತ ರಾಶಿಯ ಹತ್ತಿರ ಬಂದ. ಅವನು ಬಗ್ಗಲಿಲ್ಲ, ಕಾಳು ಎತ್ತಲೂ ಇಲ್ಲ.

“ಮ್ಯಾಡಮ್ ಕಡದಾರಲ್ರಿ. ಅವರು ಹಸಿ ಅಂದ್ರ ಹಸಿನ. ನಾ ಕಡಿಯೂದೇನದ?”

ಇಡೀ ಅಂಗಳದ ಮುಂದೆ ಆ ಮಾತು! ಸುನಂದಾಳ ಬೆನ್ನು ನೆಟ್ಟಗಾಯಿತು.

“ಒಂದು ಬುಟ್ಟಿ ಅಷ್ಟೇ ಹಾಕ್ರಿ. ಗೌಡ್ರು ಕಣ್ಣಾರೆ ನೋಡ್ಲಿ.”

ಒಂದು ಬುಟ್ಟಿ ಹಾಕಿದರು. ಹೊರಬಂದದ್ದು ಹೊಟ್ಟು ಅಂಟಿದ ಕಾಳು, ಜಜ್ಜಿದ ನುಚ್ಚು. ಗೌಡರು ಅದನ್ನು ಅಂಗೈಯಲ್ಲಿ ತಿಕ್ಕಿ ನೋಡಿ ಕೆಳಗೆ ಸುರಿದರು.

“ಲಾರಿ ಕಾಯಲಿ. ಸೇಠ್‌ಗ ನಾ ಹೇಳ್ತೇನಿ.” ಜೀಪು ಹತ್ತುವಾಗ ತಿರುಗಿದರು. “ಮೂರು ತಿಂಗಳು ಬ್ಯಾಡವ್ವ. ಮಿಲ್ಲು ಇನ್ನ ನೀನ ನೋಡ್ಕೋ.”

ಮೊದಲು ಚಪ್ಪಾಳೆ ತಟ್ಟಿದವಳು ಇಕ್ಬಾಲ್ ಬೇಗಂ. ಮರುದಿನ ಮೋಡ ಸರಿದು ಚೆನ್ನಾಗಿ ಬಿಸಿಲು ಬಿದ್ದ ಮೇಲೆ ಸುನಂದಾ ಮತ್ತೆ ಕಡಿದು “ಹಾಕ್ರಿ” ಎಂದಳು, ಬಂಗಾರದ ಬಣ್ಣದ ಬೇಳೆ ಚೀಲ ಚೀಲ ತುಂಬಿತು. ಲಾರಿ ಕಲಬುರಗಿಯ ಹಾದಿ ಹಿಡಿದಾಗ ಅವಳು ಯಾರಿಗೂ ಫೋನು ಮಾಡಿರಲಿಲ್ಲ.

ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಯಶವಂತ ಸಿಕ್ಕ. ಅವಳೇ ಹೇಳಿಕಳಿಸಿದ್ದಳೆನ್ನಿ.

“ನಾ ತಪ್ಪು ತಿಳಕೊಂಡಿದ್ದೆ. ಮಾಫ್ ಮಾಡ್ರಿ... ರಿವಾಜ್ ಅದ ಅಂತ ಒಂದು ಮಾತು ಹೇಳಬಾರದೇನು?”

“ಹೇಳಿದ್ರ, ‘ನನ್ನ ಕೈಲಿ ಆಗೂದಿಲ್ಲ ಅಂತ ಇಂವನೂ ತಿಳದಾನ’ ಅಂತಿದ್ರಿ.”

“ಹಂಗ ತಿಳದಿದ್ರೇನು?”

“ಮೊದಲನೇ ದಿನ ಖರೇನ ಅಂಜಿಕಿ ಇತ್ರಿ. ಒಂದು ವಾರದಾಗ ಹೋತು. ನಿಮ್ಮ ಹಲ್ಲು ಒಮ್ಮಿನೂ ತಪ್ಪಲಿಲ್ಲ.”

“ಮತ್ತ ದಿನಾ ಯಾಕ ಕಡೀತಿದ್ರಿ?”

ಯಶವಂತ ಟವೆಲ್ಲು ಬಿಚ್ಚಿದ, ಮತ್ತೆ ಸುತ್ತಿದ. “ನಿಮ್ಮ ಬಾಜೂಕ ಬಂದು ನಿಂದ್ರಾಕ ನನಗ ಬ್ಯಾರೆ ನೆಪ ಎಲ್ಲಿತ್ರಿ...”

ಸುನಂದಾ ತಲೆ ತಗ್ಗಿಸಿದಳು. ಈ ಸಲ ಉರಿದದ್ದು ಕೆನ್ನೆ ಮಾತ್ರ. ಕಲಬುರಗಿ ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ.

“ಐತವಾರ ರಜಾ, ಅಪ್ಪ, ಅವ್ವ ಇಬ್ಬರೂ ಮನ್ಯಾಗ ಇರ್ತಾರ. ಕುಸನೂರಿಗಿ ನಿಮ್ಮ ಅವ್ವನ್ನ ಕರಕೊಂಡು ಬರ್ರಿ.”

“ಮನ್ಯಾಗ ಕೇಳಿ ಹೇಳಾಕತ್ತೀರೇನ್ರಿ?”

“ಇಲ್ಲ,” ಎಂದಳು ಸುನಂದಾ, ಮುಖವೆತ್ತಿ. “ಯಾರನ್ನೂ ಕೇಳಿಲ್ಲ. ನಾನ ಹೇಳಾಕತ್ತೀನಿ.”